ಮೂರನೇ ಸಾಲಿನ ಸೀಟು

ಸೂರತ್
8 ಜುಲೈ 2024

ಚೇತನ್‌ಗೆ ಅಮ್ಮನ ಆಶೀರ್ವಾದ, ಸ್ವಲ್ಪ ಬೈಗುಳವೂ ಬೆರೆತದ್ದು.

ನೀನು ಹೊಸ ಕಾರು ಕೊಳ್ಳುವ ಸುದ್ದಿಯನ್ನು ರಜನಿಯಿಂದ ಕೇಳಬೇಕಾಯಿತು. ತಾಯಿಗಿಂತ ಮೊದಲು ಅಕ್ಕನಿಗೆ ಹೇಳಿದ್ದೀಯ. ಇರಲಿ, ಅವಳಿಗೆ ಫೋನಿನಲ್ಲಿ ಕೇಳಿಸುತ್ತದೆ, ನನಗೆ ಕೇಳಿಸುವುದಿಲ್ಲ. ನೀವು ಕೊಡಿಸಿದ ಕಿವಿಯ ಯಂತ್ರ ಫೋನಿನ ಹತ್ತಿರ ತಂದರೆ ಸೀಟಿ ಹೊಡೆಯುತ್ತದೆ. ವಿಡಿಯೋದಲ್ಲಿ ನಿನ್ನ ಬಾಯಿ ಅಲ್ಲಾಡುವುದು ಕಾಣುತ್ತದೆ, ಏನು ಹೇಳಿದೆ ಎಂದು ರಜನಿ ನನಗೆ ಕಿರುಚಿ ತಿಳಿಸುವಷ್ಟರಲ್ಲಿ ನೀನು ಇನ್ನೊಂದು ಹೇಳಿರುತ್ತೀಯ. ಅದಕ್ಕೇ ನನಗೆ ಕಾಗದವೇ ವಾಸಿ. ಕಾಗದ ಅವಸರ ಮಾಡುವುದಿಲ್ಲ.

ಏಳು ಸೀಟಿನ ದೊಡ್ಡ ಡೀಸೆಲ್ ಗಾಡಿ ತೆಗೆದುಕೊಳ್ಳಲೋ, ಕರೆಂಟಿಗೂ ಪೆಟ್ರೋಲಿಗೂ ಓಡುವ ಹೈಬ್ರಿಡ್ ತೆಗೆದುಕೊಳ್ಳಲೋ ಎಂದು ತಲೆ ಕೆಡಿಸಿಕೊಂಡಿದ್ದೀಯಂತೆ. ಇದರಲ್ಲಿ ತಲೆ ಕೆಡಿಸಿಕೊಳ್ಳುವುದೇನಿದೆ? ದೊಡ್ಡದನ್ನೇ ತೆಗೆದುಕೋ. ದೀಪಾವಳಿ ಮುಗಿದರೆ ನಾನು ನಿನ್ನ ಪಾಳಿಗೆ ಬರುವವಳು. ನೀನು ಅಹಮದಾಬಾದಿನಿಂದ ಕೆಳಗೆ ಬರುವುದು, ರಜನಿ ಮತ್ತು ಅಳಿಯ ಮಹೇಶ್ ಸೂರತ್‌ನಿಂದ ಮೇಲೆ ಬರುವುದು, ನಡುವೆ ವಡೋದರಾದ ಹೆದ್ದಾರಿ ಹೋಟೆಲಿನಲ್ಲಿ ನನ್ನನ್ನೂ ನನ್ನ ಗಂಟುಮೂಟೆಯನ್ನೂ ಒಂದು ಕಾರಿನಿಂದ ಇಳಿಸಿ ಇನ್ನೊಂದಕ್ಕೆ ಹತ್ತಿಸುವುದು. ಯುಗಾದಿಗೆ ಮತ್ತೆ ಉಲ್ಟಾ. ರೈಲ್ವೆಯಲ್ಲಿದ್ದ ನಿಮ್ಮಪ್ಪ ಇದನ್ನು ನೋಡಿದ್ದರೆ ಪಾರ್ಸೆಲ್ ಎಂದು ನನಗೊಂದು ಚೀಟಿ ಅಂಟಿಸುತ್ತಿದ್ದರು. ಅದೇ ವಡೋದರಾದ ರೈಲ್ವೆ ಕ್ವಾರ್ಟರ್ಸಿನಲ್ಲಿ ನಿಮ್ಮಿಬ್ಬರನ್ನೂ ಬೆಳೆಸಿದೆ, ಈಗ ಆ ಊರಿನಲ್ಲಿ ನಾನು ಇಳಿಯುವುದು ಗಾಡಿ ಬದಲಿಸಲಿಕ್ಕೆ ಮಾತ್ರ.

ಮೇ ತಿಂಗಳಲ್ಲಿ ಮೊಣಕಾಲಿನ ಶಸ್ತ್ರಕ್ರಿಯೆ ಆದಾಗಿನಿಂದ ವೀಲ್‌ಚೇರ್ ಒಂದು ಹೆಚ್ಚಾಗಿದೆ. ಅದರ ಜೊತೆಗೆ ದೇವರ ಪೆಟ್ಟಿಗೆ, ಮಡಿಯ ಸೀರೆಗಳ ಚೀಲ, ತಾಮ್ರದ ಬಿಂದಿಗೆ, ಸಂಡಿಗೆ ಡಬ್ಬಿ. ನಿನ್ನ ಹಳೆಯ ಕಾರಿಗೆ ಇದೆಲ್ಲ ಹಿಡಿಸುವುದಿಲ್ಲ.

ಹೋದ ಸಲದ್ದನ್ನು ನೆನಪಿಸಿಕೋ. ದಾರಿಯಲ್ಲಿ ನಿನ್ನ ಮಗಳು ಮನು ಹೊರಗಾದಳು. ಹಿಂದಿನ ಸೀಟಿನಲ್ಲಿ ನಾನೂ ಅವಳೂ ಮೈಗೆ ಮೈ ತಾಗಿಸಿ ಕೂತಿದ್ದೇವೆ, ನಾನು ಮಡಿಯವಳು, ಏನು ಮಾಡಲಿ? ನಡಿಯಾದ್ ಹತ್ತಿರ ಇಳಿದು ಉಟ್ಟ ಸೀರೆಯಲ್ಲೇ ತಲೆಯ ಮೇಲೆ ನೀರು ಸುರಿದುಕೊಂಡು ವಡೋದರಾ ತನಕ ಒದ್ದೆಯಲ್ಲೇ ಬಂದೆ. ಮೂರು ಸಾಲಿನ ಗಾಡಿಯಲ್ಲಿ ಈ ಫಜೀತಿ ಇಲ್ಲ. ಅಂಥ ದಿನ ಮನು ಹಿಂದಿನ ಸಾಲಿನಲ್ಲಿ ಕೂರಲಿ, ನಾನು ನಡುವೆ ಕೂರುತ್ತೇನೆ, ಯಾರಿಗೂ ತೊಂದರೆ ಇಲ್ಲ.

ಆ ಹುಡುಗಿಯನ್ನು ನೋಡದೆ ಮೂರು ತಿಂಗಳಾಯಿತು. ನಿನ್ನ ಮನೆಗೆ ಬರುವುದೆಂದರೆ ನನಗೆ ಅವಳ ಹತ್ತಿರ ಬರುವುದು. ನೀನೂ ಸೊಸೆ ರಚನಾಳೂ ಸಿಟ್ಟಾಗಬೇಡಿ, ಇದ್ದದ್ದು ಇದ್ದ ಹಾಗೆ ಹೇಳಿದ್ದೇನೆ.

ಅಮ್ಮ


ಅಹಮದಾಬಾದ್
29 ಜುಲೈ 2024

ಅಮ್ಮನಿಗೆ ನಮಸ್ಕಾರಗಳು.

ಕಾಗದ ತಲುಪಿತು. ಮೊಣಕಾಲಿನ ವ್ಯಾಯಾಮ ಬಿಡಬೇಡ.

ಕಾರಿನ ವಿಷಯ ಇನ್ನೂ ತೀರ್ಮಾನವಾಗಿಲ್ಲ. ದೊಡ್ಡ ಎಸ್‌ಯುವಿ ಚೆನ್ನಾಗಿದೆ, ಆದರೆ ದಿನಾ ನಾನೊಬ್ಬನೇ ನಮ್ಮ ಬಾಹ್ಯಾಕಾಶ ಸಂಸ್ಥೆಗೆ ಹೋಗಿಬರಲು ಅಷ್ಟು ದೊಡ್ಡ ಗಾಡಿ ಓಡಿಸುವುದು ಸರಿಯೇ ಎಂಬ ಯೋಚನೆ. ಪ್ಲಗ್-ಇನ್ ಹೈಬ್ರಿಡ್‌ಗೆ ಮನೆಯಲ್ಲಿ ಮೊಬೈಲಿನ ಹಾಗೆ ಚಾರ್ಜ್ ಹಾಕಬಹುದು. ಊರೊಳಗಿನ ಓಡಾಟ ಬ್ಯಾಟರಿಯಲ್ಲೇ ಮುಗಿಯುತ್ತದೆ, ದೂರ ಹೊರಟರೆ ಪೆಟ್ರೋಲ್ ಎಂಜಿನ್ ತಾನಾಗಿ ಶುರುವಾಗುತ್ತದೆ. ಅದಕ್ಕೆ ಐದೇ ಸೀಟು. ಬ್ಯಾಟರಿ ಹಿಂದೆ ಇರುವುದರಿಂದ ಡಿಕ್ಕಿಯೂ ಸಣ್ಣದು.

ಮನು ಹೈಬ್ರಿಡ್ ಅನ್ನುತ್ತಿದ್ದಾಳೆ. ಎರಡನ್ನೂ ಓಡಿಸಿ ನೋಡಿ ಬರೆಯುತ್ತೇನೆ.

ಚೇತನ್


ಸೂರತ್
6 ಸೆಪ್ಟೆಂಬರ್ 2024

ಚೇತನ್‌ಗೆ ಆಶೀರ್ವಾದ.

ವಡೋದರಾದ ಪ್ರವಾಹವನ್ನು ಟಿ.ವಿ.ಯಲ್ಲಿ ನೋಡಿದೆಯಾ? ವಿಶ್ವಾಮಿತ್ರಿ ಉಕ್ಕಿ ಕಾರುಗಳು ಆಟಿಕೆಯ ಹಾಗೆ ತೇಲಿದವು. ಮೊಸಳೆಗಳು ಮನೆಯಂಗಳಕ್ಕೆ ಬಂದಿದ್ದವಂತೆ. ಇದನ್ನು ನೋಡಿದ ಮೇಲೂ ನಿನಗೆ ತಗ್ಗಿನ ಗಾಡಿ ಬೇಕೆ? ಎತ್ತರದ ಗಾಡಿಯೇ ಒಳ್ಳೆಯದೆಂದು ನನಗೆ ಇನ್ನೊಂದು ಕಾರಣ ಸಿಕ್ಕಿತು.

ಆದರೆ ಎತ್ತರದ್ದಾದರೆ ಹತ್ತುವುದು ಹೇಗೆಂದು ಮಹೇಶ್ ಕೇಳಿದ. ಅವನಿಗೆ ಸಚಿನ್ ಊರಿನ ಆ ಬಣ್ಣದ ಕಾರ್ಖಾನೆಯಲ್ಲಿ ಎಲ್ಲದಕ್ಕೂ ಸುರಕ್ಷತೆಯ ಪಾಠ ಹೇಳಿ ಹೇಳಿ ಅಭ್ಯಾಸ, ಮನೆಯಲ್ಲಿ ನನಗೂ ಹೇಳುತ್ತಾನೆ. “ಅತ್ತೀ, ನಿಮ್ಮ ಕಾಲಿಗೆ ಆ ಎತ್ತರ ಆಗಂಗಿಲ್ರೀ, ಬೀಳ್ತೀರಿ” ಅಂದ. “ನೀ ಹಿಡಕೊಳ್ಳಾಕ ಇರ್ತೀಯಲ್ಲಪಾ, ಹ್ಯಾಂಗ ಬೀಳ್ತೀನಿ?” ಅಂದೆ. ಆಮೇಲೆ ಬಡಗಿಯನ್ನು ಕರೆಸಿ ಎರಡು ಮೆಟ್ಟಿಲಿನ ಮರದ ಸ್ಟೂಲು ಮಾಡಿಸಿದ್ದೇನೆ. ಕೆಳಗೆ ರಬ್ಬರು ಹಾಕಿಸಿದ್ದೇನೆ, ಜಾರುವುದಿಲ್ಲ. ದಿನಾ ಅದರ ಮೇಲೆ ಹತ್ತಿ ಇಳಿಯುತ್ತೇನೆ. ಆದ್ದರಿಂದ ಅಮ್ಮ ಹತ್ತಲಾರಳು ಎಂಬ ನೆಪ ಇನ್ನು ಯಾರೂ ಹೇಳುವ ಹಾಗಿಲ್ಲ.

ಮನುವಿಗೆ ಶಾಲೆಯಲ್ಲಿ ಪರಿಸರದ ಪಾಠ ಜಾಸ್ತಿಯಾಗಿರಬೇಕು, ಅದಕ್ಕೇ ಹೈಬ್ರಿಡ್ ಅನ್ನುತ್ತಾಳೆ. ಅಜ್ಜಿ ಬಂದ ಮೇಲೆ ವಾದ ಮಾಡುತ್ತಾಳಂತೆ ಎಂದು ಹೇಳು. ಈಗೀಗ ಅವಳು ನನಗೆ ಕಾಗದದ ಕೊನೆಯಲ್ಲಿ ಎರಡು ಸಾಲು ಬರೆಯುವುದನ್ನೂ ಬಿಟ್ಟಿದ್ದಾಳೆ. ಮೊದಲು ಹಿಂದಿಯಲ್ಲೋ ಇಂಗ್ಲಿಷಿನಲ್ಲೋ ಗೀಚುತ್ತಿದ್ದಳು, ರಜನಿ ಓದಿ ಹೇಳುತ್ತಿದ್ದಳು. ಹನ್ನೆರಡನೆಯ ತರಗತಿಯ ಓದು ಇರಬಹುದು. ನನ್ನ ಕಾಗದಗಳನ್ನು ಊಟದ ಹೊತ್ತಿಗೆ ಅವಳಿಗೆ ಓದಿ ಹೇಳುತ್ತೀಯ ತಾನೆ?

ಅಮ್ಮ


ಅಹಮದಾಬಾದ್
21 ಅಕ್ಟೋಬರ್ 2024

ಅಮ್ಮನಿಗೆ ನಮಸ್ಕಾರಗಳು.

ಹಳೆಯ ಕಾರಿನ ಕ್ಲಚ್ ಕೆಟ್ಟಿದೆ, ಹೆದ್ದಾರಿಗೆ ತರುವಂತಿಲ್ಲ. ಹೊಸದು ಯಾವುದೆಂದು ಇನ್ನೂ ನಿಶ್ಚಯವಾಗಿಲ್ಲ. ದೀಪಾವಳಿ ಆದ ಕೂಡಲೇ ವಡೋದರಾಕ್ಕೆ ಬರುವುದು ಈ ಸಲ ಆಗಲಿಕ್ಕಿಲ್ಲ. ಉತ್ತರಾಯಣಕ್ಕೆ ಮೊದಲು ನೋಡೋಣ. ಸ್ಟೂಲಿನ ಮೇಲೆ ಒಬ್ಬಳೇ ಹತ್ತಬೇಡ.

ಚೇತನ್


ಸೂರತ್
5 ಡಿಸೆಂಬರ್ 2024

ಚೇತನ್,

ದೀಪಾವಳಿ ಮುಗಿದು ತುಳಸಿ ಲಗ್ನವೂ ಮುಗಿಯಿತು. ನನ್ನ ಚೀಲ ಬಾಗಿಲ ಹಿಂದೆ ಕಟ್ಟಿಟ್ಟ ಹಾಗೇ ಇದೆ. ಒಂದು ಸೀರೆ ಬೇಕಾದರೆ ಅದರಿಂದಲೇ ಎಳೆದು ಉಟ್ಟು, ಒಗೆದು, ಮತ್ತೆ ಅದಕ್ಕೇ ಹಾಕುತ್ತೇನೆ. ರಜನಿ ನೋಡಿಯೂ ನೋಡದ ಹಾಗೆ ಇರುತ್ತಾಳೆ. ಅವಳೇನೂ ಬೇಗ ಹೋಗು ಅನ್ನುತ್ತಿಲ್ಲ, ಆ ಮಾತು ಬೇರೆ.

ನಾನು ಕೂತು ಯೋಚಿಸಿದೆ. ನಿನಗೆ ಹೈಬ್ರಿಡ್ ಕಡೆಗೇ ಮನಸ್ಸಿದೆ, ಡಿಕ್ಕಿ ಸಣ್ಣದು, ಅಮ್ಮನ ಸಾಮಾನು ಹಿಡಿಸುವುದಿಲ್ಲವೆಂದು ಹೇಳಲು ಸಂಕೋಚ. ಅಲ್ಲವೆ? ಹಾಗಿದ್ದರೆ ಕೇಳು. ವೀಲ್‌ಚೇರ್ ಬೇಡ, ಕೋಲು ಹಿಡಿದು ನಡೆಯುವುದನ್ನು ಕಲಿತೆ. ನಮ್ಮ ಬೀದಿಯ ಕೊನೆಯ ತರಕಾರಿ ಗಾಡಿಯ ತನಕ ಹೋಗಿ ಬರುತ್ತೇನೆ. ಬಿಂದಿಗೆಯನ್ನು ರಜನಿಯ ಅಟ್ಟಕ್ಕೆ ಹಾಕಿಸಿದೆ. ಸಂಡಿಗೆ ನೀವು ಅಂಗಡಿಯಿಂದ ತಂದೇ ತಿನ್ನುವವರು, ಅದೂ ಬೇಡ. ದೇವರ ಪೆಟ್ಟಿಗೆಯಿಂದ ಸಾಲಿಗ್ರಾಮವನ್ನೂ ಕೃಷ್ಣನನ್ನೂ ಮಾತ್ರ ಸಣ್ಣ ಡಬ್ಬಿಗೆ ತೆಗೆದಿಟ್ಟೆ, ತೊಡೆಯ ಮೇಲೆ ಇಟ್ಟುಕೊಳ್ಳುತ್ತೇನೆ. ಉಳಿದದ್ದು ಮಡಿಯ ಎರಡು ಸೀರೆ. ಇಷ್ಟು ಹಿಡಿಸದ ಕಾರನ್ನು ಯಾವ ಕಂಪನಿಯೂ ಮಾಡುವುದಿಲ್ಲ.

ಅದೂ ಆಗದಿದ್ದರೆ ರಜನಿ ನನ್ನನ್ನು ರೈಲಿನಲ್ಲಿ ಕರೆತರುತ್ತಾಳೆ. ಸೂರತ್‌ನಲ್ಲಿ ಹತ್ತಿದರೆ ಅಹಮದಾಬಾದಿನಲ್ಲಿ ಇಳಿಯುವುದು, ಇದಕ್ಕೆ ಯಾರ ಕಾರೂ ಬೇಡ. ನೀನು ಸ್ಟೇಷನ್ನಿಗೆ ಬಾ ಸಾಕು. ಉತ್ತರಾಯಣದ ಹೊತ್ತಿಗೆ ನಾನು ಅಲ್ಲಿರಬೇಕು. ಗಾಳಿಪಟ ಹಾರಿಸುವಾಗ ಮನುವಿನ ದಾರ ಸುತ್ತಿದ ಫಿರ್ಕಿ ಹಿಡಿಯುವವಳು ನಾನು, ಬೇರೆ ಯಾರು ಹಿಡಿದರೂ ದಾರ ಸಿಕ್ಕಾಗುತ್ತದೆಂದು ಅವಳೇ ಹೇಳಿದ್ದಾಳೆ.

ಅಮ್ಮ


ಅಹಮದಾಬಾದ್
30 ಡಿಸೆಂಬರ್ 2024

ಅಮ್ಮನಿಗೆ ನಮಸ್ಕಾರಗಳು.

ರೈಲಿನಲ್ಲಿ ಖಂಡಿತ ಬರಬೇಡ. ಸ್ಟೇಷನ್ನಿನ ಗದ್ದಲದಲ್ಲಿ ನಿನ್ನ ಕಾಲಿಗೆ ಏನಾದರೂ ಆದರೆ ಎಲ್ಲರಿಗೂ ಕಷ್ಟ. ಹೈಬ್ರಿಡ್ ಆದರೆ ನಮ್ಮ ಸೊಸೈಟಿಯ ಪಾರ್ಕಿಂಗ್‌ನಲ್ಲಿ ಚಾರ್ಜಿಂಗ್ ಪಾಯಿಂಟ್ ಹಾಕಿಸಲು ಕಮಿಟಿಯ ಒಪ್ಪಿಗೆ ಬೇಕು, ಅವರು ಮೀಟಿಂಗ್ ಮುಂದೂಡುತ್ತಿದ್ದಾರೆ. ಮನುವಿಗೆ ಮಾರ್ಚಿನಲ್ಲಿ ಬೋರ್ಡ್ ಪರೀಕ್ಷೆ. ಅದು ಮುಗಿಯಲಿ. ನೀನು ಸಾಮಾನು ಕಡಿಮೆ ಮಾಡುವ ಅಗತ್ಯ ಇರಲಿಲ್ಲ.

ಚೇತನ್


ಸೂರತ್
19 ಜನವರಿ 2025

ಚೇತನ್,

ನನಗೆ ಕಿವಿ ಕೇಳಿಸುವುದಿಲ್ಲ. ಕಣ್ಣು ಚೆನ್ನಾಗಿ ಕಾಣುತ್ತದೆ.

ಉತ್ತರಾಯಣದ ದಿನ ರಚನಾ ಫೋನಿನಲ್ಲಿ ಫೋಟೋ ಹಾಕಿದ್ದಳು, ರಜನಿಯ ಫೋನು ಮೇಜಿನ ಮೇಲಿತ್ತು, ನೋಡಿದೆ. ನಿಮ್ಮ ಪಾರ್ಕಿಂಗ್‌ನಲ್ಲಿ ಬೂದು ಬಣ್ಣದ ಹೊಸ ಕಾರು. ಗೋಡೆಯ ಡಬ್ಬಿಯಿಂದ ಅದರ ಹೊಟ್ಟೆಗೆ ವಯರು ಹೋಗಿದೆ. ಕಮಿಟಿಯ ಒಪ್ಪಿಗೆ ಸಿಕ್ಕಿದ ಹಾಗಿದೆ. ಮುಂದಿನ ಹಾರ ಬಾಡಿ ಕಪ್ಪಾಗಿದೆ, ಅಂದರೆ ಪೂಜೆ ಆಗಿ ವಾರಗಳೇ ಕಳೆದಿವೆ. ಡಿಕ್ಕಿ ತೆರೆದಿತ್ತು, ಒಳಗೆ ಗಾಳಿಪಟಗಳು, ಊಂಧಿಯು ಪಲ್ಯದ ಪಾತ್ರೆ. ಅದರಲ್ಲಿ ನನ್ನ ದೇವರ ಪೆಟ್ಟಿಗೆ ಇಡಬಹುದಿತ್ತು. ಎರಡು ಇಡಬಹುದಿತ್ತು.

ರಜನಿಯನ್ನು ಕೇಳಿದೆ. “ನಂಗ ಗೊತ್ತಿತ್ತು ಅಮ್ಮಾ. ಅಂವಾ ಹೇಳಬ್ಯಾಡ ಅಂದಿದ್ದ” ಅಂದಳು. ಇದೇ ಮನೆಯಲ್ಲಿ ಕೂತು ಇವಳು ನನ್ನ ಸ್ಟೂಲಿಗೆ ರಬ್ಬರು ಹಾಕಿಸಲು ಬಡಗಿಗೆ ಗುಜರಾತಿಯಲ್ಲಿ ಹೇಳುತ್ತಿದ್ದಳು, ನೀನು ಅಲ್ಲಿ ಕೂತು ಕ್ಲಚ್ಚಿನ ಕಥೆ ಬರೆಯುತ್ತಿದ್ದೆ. ನಾನು ಹೆತ್ತ ಮಕ್ಕಳು ಒಳ್ಳೆಯ ಜೋಡಿ.

ಇನ್ನು ಕಾರಿನ ಮಾತು ಸಾಕು. ನಾನು ಯಾಕೆ ಬೇಡ ಎಂಬುದನ್ನು ಬರೆ. ರಚನಾಳಿಗೆ ಬೇಡವಾದೆನೋ, ನಿನಗೋ? ಯಾರೆಂದು ಹೇಳಿದರೆ ನಾನು ಸಾಯುವುದಿಲ್ಲ.

ಅಮ್ಮ


ಅಹಮದಾಬಾದ್
9 ಫೆಬ್ರವರಿ 2025

ಅಮ್ಮ,

ರಚನಾ ಅಲ್ಲ. ನಾನೂ ಅಲ್ಲ. ಮನು.

ಇಷ್ಟು ಬರೆಯಲು ನನಗೆ ಏಳು ತಿಂಗಳು ಬೇಕಾಯಿತು. ಈಗ ಪೂರ್ತಿ ಬರೆಯುತ್ತೇನೆ, ನಡುವೆ ನಿಲ್ಲಿಸಬೇಡ.

ನಡಿಯಾದ್ ಹತ್ತಿರ ಕಾರು ನಿಲ್ಲಿಸಿದಾಗ ನೀನು ನಲ್ಲಿಯ ಕೆಳಗೆ ನಿಂತು ನೀರು ಹಾಕಿಕೊಂಡೆ. ಹೋಟೆಲಿನ ಜನರೆಲ್ಲ ನೋಡುತ್ತಿದ್ದರು. ಚಹಾ ಮಾರುವ ಹೆಂಗಸು ಏನಾಯಿತೆಂದು ಕೇಳಿದಳು. ನೀನು ಅವಳಿಗೆ ಗುಜರಾತಿಯಲ್ಲಿ ಎಲ್ಲವನ್ನೂ ವಿವರಿಸಿದೆ, ಕಾರಿನೊಳಗೆ ಕೂತಿದ್ದ ಮನುವಿನ ಕಡೆ ಕೈ ತೋರಿಸಿ. ನಿನಗೆ ಕಿವಿ ಕೇಳಿಸದ್ದರಿಂದ ನೀನು ಮಾತಾಡುವುದು ಜೋರು. ಪಕ್ಕದ ಮೇಜಿನಲ್ಲಿ ಅವಳ ಟ್ಯೂಷನ್ ಕ್ಲಾಸಿನ ಇಬ್ಬರು ಹುಡುಗರಿದ್ದರು. ಅದನ್ನು ನೀನು ನೋಡಲಿಲ್ಲ, ನಾನೂ ನೋಡಲಿಲ್ಲ. ಅವಳು ನೋಡಿದಳು. ಕನ್ನಡದಲ್ಲಿ ಹೇಳಿದ್ದರೆ ಅಲ್ಲಿ ಯಾರಿಗೂ ತಿಳಿಯುತ್ತಿರಲಿಲ್ಲ. ಗುಜರಾತಿ ಅವಳು ಬದುಕುವ ಭಾಷೆ ಅಮ್ಮ. ಆಮೇಲೆ ಆ ಕ್ಲಾಸಿಗೆ ಅವಳು ಹೋಗಲಿಲ್ಲ, ಬೇರೆ ಕಡೆ ಸೇರಿಸಿದೆವು.

ನಾನು ನಿನಗೆ ಆವತ್ತೇ ಹೇಳಬೇಕಿತ್ತು. ಹೇಳದೆ ದೊಡ್ಡ ಕಾರು ಕೊಂಡರೆ ಎಲ್ಲ ಸರಿಹೋಗುತ್ತದೆ ಅಂದುಕೊಂಡೆ. ನಿನ್ನ ಲೆಕ್ಕಾಚಾರವೇ ನನ್ನದೂ ಆಗಿತ್ತು. ಸಾಲುಗಳು ಮೂರಿದ್ದರೆ ಜಗಳ ಇಲ್ಲ. ಜುಲೈಯಲ್ಲಿ ನಿನ್ನ ಕಾಗದ ಬಂದಾಗ ಯಾವಾಗಲೂ ಮಾಡುವ ಹಾಗೆ ಊಟದ ಹೊತ್ತಿಗೆ ಮನುವಿಗೆ ಜೋರಾಗಿ ಓದಿದೆ. ಹಿಂದಿನ ಸಾಲಿನಲ್ಲಿ ಮನು ಕೂರಲಿ ಎಂದು ಬರೆದಿದ್ದೆಯಲ್ಲ, ಅದು ಬಾಯಿಂದ ಹೊರಗೆ ಬಂದ ಮೇಲೆಯೇ ಏನು ಓದಿದೆನೆಂದು ನನಗೆ ಹೊಳೆದದ್ದು. ಅವಳು ಊಟ ಮುಗಿಸಿ ಎದ್ದಳು.

ಆಗಸ್ಟಿನಲ್ಲಿ ಮೂವರೂ ಷೋರೂಮಿಗೆ ಹೋದೆವು. ಮಾರುವ ಹುಡುಗ ಏಳು ಸೀಟಿನ ಗಾಡಿಯ ಬಾಗಿಲು ತೆರೆದು ಹೊಗಳುತ್ತಿದ್ದ. ಮನು ನಡುವಿನ ಸೀಟು ಮಡಚಿ ಹಿಂದಕ್ಕೆ ತೂರಿಕೊಂಡಳು. ಮೂರನೇ ಸಾಲಿನಲ್ಲಿ ಅವಳ ಮೊಣಕಾಲು ಗದ್ದಕ್ಕೆ ತಾಗುತ್ತಿತ್ತು. ಅಲ್ಲಿಂದಲೇ ಕೇಳಿದಳು. “ಪಪ್ಪಾ, ಅಜ್ಜಿ ಬಂದ್ರ ನನ್ನ ಸೀಟ್ ಇದೇ ನಾ? ಇಲ್ಲಿ ಎಸಿ ಬರ್ತದ?” ತಮಾಷೆಯ ಹಾಗೆ ಕೇಳಿದಳು. ರಚನಾ ಷೋರೂಮಿನಿಂದ ಹೊರಗೆ ಹೋಗಿ ನಿಂತಳು. ಆ ಹುಡುಗ ಮಾತ್ರ ಹಿಂದಿನ ಸಾಲಿಗೂ ಎಸಿ ಇದೆಯೆಂದು ಉತ್ಸಾಹದಿಂದ ಸ್ವಿಚ್ ತೋರಿಸಿದ.

ನನ್ನ ಮಗಳನ್ನು ಕೂರಿಸಲು ಆ ಸೀಟನ್ನು ಕೊಳ್ಳಲು ನನ್ನಿಂದ ಆಗಲಿಲ್ಲ. ಐದು ಸೀಟಿನದನ್ನು ತಂದೆ, ನವೆಂಬರಿನಲ್ಲಿ. ಅದರಲ್ಲಿ ಹಿಂದೆ ಕೂತರೆ ತಾಗಿಯೇ ಕೂರಬೇಕು. ನೀನು ಹಾಗೆ ಕೂರುವವಳಲ್ಲ ಎಂದು ನನಗೆ ಗೊತ್ತು. ಅವಳು ನಿನ್ನ ಪಕ್ಕ ಕೂರಲು ಒಲ್ಲಳೆಂದೂ ಗೊತ್ತು. ನಿಮ್ಮಿಬ್ಬರಲ್ಲಿ ಯಾರಿಗೂ ಬಾಯಿಬಿಟ್ಟು ಹೇಳುವ ಧೈರ್ಯ ನನಗೆ ಇರಲಿಲ್ಲ. ಅದಕ್ಕೆ ಕ್ಲಚ್ಚು, ಕಮಿಟಿ ಎಲ್ಲ ಬರೆದೆ.

ಚೇತನ್


ಸೂರತ್
3 ಏಪ್ರಿಲ್ 2025

ಚೇತನ್,

ಎಷ್ಟೋ ದಿನ ಪೆನ್ನು ಮುಟ್ಟಲಿಲ್ಲ. ಯುಗಾದಿಯೂ ಕಳೆಯಿತು. ಈ ವರ್ಷ ನನ್ನನ್ನು ಯಾರೂ ವಡೋದರಾದಲ್ಲಿ ಇಳಿಸಲಿಲ್ಲ, ಹತ್ತಿಸಲಿಲ್ಲ.

ಮೊದಲು ನನ್ನ ಕಡೆಯ ಮಾತು ಕೇಳು. ಹದಿಮೂರನೆಯ ವಯಸ್ಸಿನಿಂದ ತಿಂಗಳಿಗೆ ಮೂರು ದಿನ ನಾನು ಹಿತ್ತಿಲ ಬಾಗಿಲಲ್ಲಿ ಕೂತವಳು. ದಾರಿಯಲ್ಲಿ ಹೋಗುವವರಿಗೆಲ್ಲ ಗೊತ್ತಾಗುತ್ತಿತ್ತು. ನಿನಗೆ ಅವಮಾನವಾಯಿತೇ ಎಂದು ನನ್ನನ್ನು ಒಬ್ಬರೂ ಕೇಳಲಿಲ್ಲ, ಅದು ಕೇಳುವ ವಿಷಯವೆಂದೇ ಯಾರಿಗೂ ಅನ್ನಿಸಿರಲಿಲ್ಲ. ಮದುವೆಯಾಗಿ ಗದಗಿನಿಂದ ಈ ಸೀಮೆಗೆ ಬಂದೆ. ನಿಮ್ಮಪ್ಪ ದಿನವಿಡೀ ಆಫೀಸಿನಲ್ಲಿ, ಸುತ್ತ ಒಬ್ಬರೂ ಕನ್ನಡದವರಿಲ್ಲ. ಮಾತು ಹೋಯಿತು, ಊಟದಲ್ಲಿ ಅರ್ಧ ಹೋಯಿತು, ನಿಮ್ಮ ಮಕ್ಕಳ ಬಾಯಲ್ಲಿ ಭಾಷೆಯೂ ಹೋಯಿತು. ನನ್ನದೆಂದು ಉಳಿದದ್ದು ಬೆಳಿಗ್ಗೆ ಎದ್ದು ಉಡುವ ಆ ಮಡಿಸೀರೆ ಒಂದೇ. ಅದನ್ನು ಬಿಡು ಎಂದರೆ ನನಗೆ ಮೈಮೇಲೆ ಏನು ಉಳಿಯುತ್ತದೆ, ನೀನೇ ಹೇಳು.

ಇದು ಮನುವಿಗೆ ಅರ್ಥವಾಗಬೇಕೆಂದು ನಾನು ಹೇಳುವುದಿಲ್ಲ. ಆ ಹುಡುಗರು ಅಲ್ಲಿದ್ದರೆಂದು ಓದಿದಾಗ ನನ್ನ ಮೈ ಉರಿದುಹೋಯಿತು. ಆ ಹೆಂಗಸಿನ ಜೊತೆ ಅಷ್ಟು ಮಾತು ನನಗೆ ಯಾಕೆ ಬೇಕಿತ್ತೋ.

ಆದರೆ ನಿನ್ನ ಮೇಲಿನ ಸಿಟ್ಟು ಬೇರೆ, ಅದು ಆರುವುದಿಲ್ಲ. ನೀನು ಅವತ್ತೇ ಬರೆದಿದ್ದರೆ ನಾನು ಕೂಗಾಡುತ್ತಿದ್ದೆ, ಎರಡು ದಿನ ಊಟ ಬಿಡುತ್ತಿದ್ದೆ, ನಿನ್ನ ಹೆಂಡತಿಗೂ ನಾಲ್ಕು ಮಾತು ಅನ್ನುತ್ತಿದ್ದೆ. ಆಮೇಲೆ ಏನು ಮಾಡುತ್ತಿದ್ದೆನೋ ನನಗೂ ಗೊತ್ತಿಲ್ಲ. ಮುಟ್ಟಿಕೊಂಡು ಕೂತಿದ್ದರೂ ಕೂತಿರುತ್ತಿದ್ದೆ. ಅವಳಿಗಾಗಿ ವೀಲ್‌ಚೇರ್ ಬಿಟ್ಟವಳು, ದೇವರನ್ನು ಡಬ್ಬಿಗೆ ಹಾಕಿದವಳು ನಾನು. ಬಿಡಬೇಕಾದದ್ದು ಅದಲ್ಲ, ಇದು ಅಂತ ನೀನು ಬಾಯಿಬಿಟ್ಟು ಹೇಳಲಿಲ್ಲ. ನಾನು ಒಂದೊಂದೇ ಸಾಮಾನು ಕಳಚಿ ಬರೆಯುತ್ತಿದ್ದೆ, ನೀನು ಓದಿ ಮಡಚಿ ಇಡುತ್ತಿದ್ದೆ. ಅಮ್ಮ ಬದಲಾಗುವವಳಲ್ಲ ಎಂದು ನೀನೇ ತೀರ್ಮಾನಿಸಿ ಕೈ ತೊಳೆದುಕೊಂಡೆ.

ಇನ್ನು ನೀನು ನಡುವೆ ಬರಬೇಡ. ಅವಳ ಪರೀಕ್ಷೆ ಮುಗಿದ ಮೇಲೆ ನಾನು ಅವಳನ್ನು ನೋಡಬೇಕು, ಕಾರಿಲ್ಲದ ಕಡೆ. ಅವಳನ್ನು ಕೇಳಿ ಬರೆ.

ಅಮ್ಮ


ಅಹಮದಾಬಾದ್
24 ಜೂನ್ 2025

ಅಮ್ಮನಿಗೆ ನಮಸ್ಕಾರಗಳು.

ಒಳ್ಳೆಯ ಸುದ್ದಿ ಬರೆಯಬೇಕೆಂದೇ ಇಷ್ಟು ದಿನ ಕಾದೆ. ಮನುವಿಗೆ ವಡೋದರಾದಲ್ಲಿ ಕಾಲೇಜು ಸಿಕ್ಕಿದೆ. ಅಹಮದಾಬಾದಿನಲ್ಲೂ ಸಿಕ್ಕಿತ್ತು, ಆದರೆ ಅವಳು ವಡೋದರಾವನ್ನೇ ಆರಿಸಿದಳು. ಹಾಸ್ಟೆಲಿನಲ್ಲಿ ಇರುತ್ತಾಳೆ, ಜುಲೈ ಮೊದಲ ವಾರ ಬಿಟ್ಟು ಬರುತ್ತೇವೆ. ನೀನು ನೋಡಬೇಕೆಂದದ್ದನ್ನು ಅವಳಿಗೆ ಹೇಳಿದೆ. “ಹೂಂ” ಅಂದಳು.

ಹೀಗಾಗಿ ನೀನು ಇಲ್ಲಿಗೆ ಬರಲು ಈಗ ಯಾವ ತೊಡಕೂ ಇಲ್ಲ. ದೀಪಾವಳಿಯ ತನಕ ಕಾಯುವುದೂ ಬೇಡ. ಜುಲೈ 26 ಶನಿವಾರ ನಾನೂ ರಚನಾಳೂ ವಡೋದರಾದ ಅದೇ ಹೋಟೆಲಿಗೆ ಬರುತ್ತೇವೆ. ಹಿಂದಿನ ಸೀಟು ಪೂರ್ತಿ ನಿನ್ನದು, ಪಕ್ಕದಲ್ಲಿ ಯಾರೂ ಇರುವುದಿಲ್ಲ. ದೇವರ ಪೆಟ್ಟಿಗೆಯನ್ನು ಸೀಟಿನ ಮೇಲೆಯೇ ಇಟ್ಟುಕೊಳ್ಳಬಹುದು. ಮನುವಿನ ಕೋಣೆಯನ್ನು ನಿನಗಾಗಿ ತೊಳೆಸಿ ಇಟ್ಟಿದ್ದೇವೆ. ಕಾರು ಶಬ್ದವೇ ಮಾಡುವುದಿಲ್ಲ, ನಿನಗೆ ಹಿಡಿಸುತ್ತದೆ.

ಚೇತನ್


ಸೂರತ್
17 ಜುಲೈ 2025

ಚೇತನ್,

26ರಂದು ಕಾರು ತರಬೇಡ. ನಾನು ಬರುವುದಿಲ್ಲ. ಮನುವನ್ನು ಎಬ್ಬಿಸಿ ಖಾಲಿ ಮಾಡಿದ ಸೀಟು ಅದು. ಅದರಲ್ಲಿ ಕೂತು, ಅವಳ ಕೋಣೆಯಲ್ಲಿ ಮಲಗಿ, ಯಾರನ್ನು ನೋಡಲಿ ನಾನು? ನಿಮ್ಮಿಬ್ಬರನ್ನು ಬೇಕಾದಷ್ಟು ನೋಡಿದ್ದೇನೆ. ಅದನ್ನು ಒಳ್ಳೆಯ ಸುದ್ದಿಯೆಂದು ಬರೆಯಲು ನಿನಗೆ ಹೇಗೆ ಮನಸ್ಸಾಯಿತು?

ಹೋದ ಭಾನುವಾರ ರಜನಿಯನ್ನು ಹೊರಡಿಸಿಕೊಂಡು ರೈಲಿನಲ್ಲಿ ವಡೋದರಾಕ್ಕೆ ಹೋಗಿದ್ದೆ. ಸ್ಟೇಷನ್ನಿನ ಗದ್ದಲದಲ್ಲಿ ನನ್ನ ಕಾಲಿಗೆ ಏನೂ ಆಗಲಿಲ್ಲ. ಹೊರಗೆ ಆಟೋ ಸಿಕ್ಕಿತು. ಹೊರಡುವಾಗ ನಾನು ಮಡಿಸೀರೆ ಉಡಲಿಲ್ಲ, ರಜನಿಯ ಒಂದು ಹೂವಿನ ಸೀರೆ ಉಟ್ಟೆ. ದಾರಿಯಲ್ಲಿ ಯಾರ್‍ಯಾರೋ ತಾಗಿದರು, ಪಕ್ಕದವಳ ಕೂಸು ನನ್ನ ತೊಡೆಯ ಮೇಲೆಯೇ ನಿದ್ದೆ ಮಾಡಿತು. ಅವಳ ಪಕ್ಕದಲ್ಲಿ ಕೂರಬೇಕು, ಕೈ ಹಿಡಿಯಬೇಕು, ಆಮೇಲೆ ಬೇಕಾದ್ದು ಮಾತಾಡಬೇಕು ಎಂದು ಅಂದುಕೊಳ್ಳುತ್ತಾ ಹೋದೆ. ಹೆಸರಿನುಂಡೆ ಮಾಡಿ ಡಬ್ಬಿಗೆ ತುಂಬಿದ್ದೆ.

ಹಾಸ್ಟೆಲಿನ ಗೇಟಿನ ಒಳಗಿನಿಂದ ಅವಳು ಬಂದಳು. ಕೂದಲು ಕತ್ತರಿಸಿಕೊಂಡಿದ್ದಾಳೆ, ಚೆನ್ನಾಗಿ ಕಾಣುತ್ತದೆ. ನಕ್ಕಳು. ರಜನಿಯ ಜೊತೆ ಗುಜರಾತಿಯಲ್ಲಿ ಕಾಲೇಜಿನ ವಿಷಯ ಏನೇನೋ ಹೇಳಿದಳು. ಆದರೆ ಹತ್ತಿರ ಬರಲಿಲ್ಲ, ನಾಲ್ಕು ಮಾರು ದೂರದಲ್ಲೇ ನಿಂತಿದ್ದಳು. ನಾನು ಡಬ್ಬಿ ತೆಗೆದು ಕೈ ಚಾಚಿದೆ. ಅವಳು ಏನೋ ಅಂದಳು. ನನಗೆ ಕೇಳಿಸಲಿಲ್ಲ. “ಏನಂದ್ಲು?” ಎಂದು ರಜನಿಯನ್ನು ಕೇಳಿದೆ. ರಜನಿ ಗೇಟಿನ ಕಡೆ ನೋಡಿದಳು. ಆಗ ಮನು ನನಗೆ ಕೇಳಿಸುವ ಹಾಗೆ, ಜೋರಾಗಿ, ಕನ್ನಡದಲ್ಲಿ ಮತ್ತೆ ಹೇಳಿದಳು.

“ಅಜ್ಜಿ, ನಾ ಹೊರಗಿದ್ದೀನಿ. ಕೆಳಗ ಇಡ್ರಿ, ತಗೋತೀನಿ.”

ನಿನ್ನ ಮನೆಯಲ್ಲಿದ್ದಾಗ ಆ ಮೂರು ದಿನ ಅವಳಿಗೆ ನಾನು ಹಾಗೆಯೇ ಕೊಡುತ್ತಿದ್ದೆ. ತಟ್ಟೆ, ನೀರಿನ ಲೋಟ, ಒಮ್ಮೆ ಅವಳ ಹುಟ್ಟುಹಬ್ಬದ ದಿನ ಹೊಸ ಲಂಗವನ್ನೂ. ನೆಲದ ಮೇಲಿಟ್ಟು ಹಿಂದೆ ಸರಿಯುತ್ತಿದ್ದೆ. ಅವಳು ಸಿಟ್ಟಿನಿಂದ ಹೇಳಿದ್ದರೆ ಎಷ್ಟೋ ಚೆನ್ನಾಗಿತ್ತು, ನಾನೂ ಏನಾದರೂ ಅನ್ನುತ್ತಿದ್ದೆ. ಸಿಟ್ಟು ಇರಲಿಲ್ಲ ಚೇತನ್. ಅಜ್ಜಿಗೆ ತೊಂದರೆಯಾಗಬಾರದೆಂದು ಮರ್ಯಾದೆಯಿಂದ ಹೇಳಿದಳು, ಪರಿಚಯವಿಲ್ಲದ ಮುದುಕಿಗೆ ಬಸ್ಸಿನಲ್ಲಿ ಸೀಟು ಬಿಟ್ಟುಕೊಡುವ ಹಾಗೆ.

ನಾನು ಇವತ್ತು ಮಡಿಯಲ್ಲಿಲ್ಲ ಎಂದು ಹೇಳಬೇಕಿತ್ತು. ಅವಳ ಮುಖದ ಮೇಲೆ ಆ ನಗು ಹಾಗೇ ಇತ್ತು. ಕೈ ಚಾಚಿಕೊಂಡೇ ನಿಂತಿದ್ದೆ. ಅವಳು ಅಲ್ಲೇ ನಿಂತು ಕಾಯುತ್ತಿದ್ದಳು. ಕೊನೆಗೆ ರಜನಿಯ ಭುಜ ಹಿಡಿದು, ಬಗ್ಗದ ಮೊಣಕಾಲನ್ನು ಬಗ್ಗಿಸಿ, ಡಬ್ಬಿಯನ್ನು ನೆಲದ ಮೇಲೆ ಇಟ್ಟೆ. ನಾನು ಎರಡು ಹೆಜ್ಜೆ ಹಿಂದೆ ಸರಿದ ಮೇಲೆ ಅವಳು ಬಂದು ಎತ್ತಿಕೊಂಡಳು.

ಅಮ್ಮ